ಸಂಧಾನದ ಮೇಜಿನಿಂದ ರಾಯಭಾರಕ್ಕೆ

ಬಂಟ್ವಾಳದಿಂದ ಬೆಳ್ತಂಗಡಿಯ ಕಡೆಗೂ ಮೂಡುಬಿದಿರೆಯ ಕಡೆಗೂ ಹಬ್ಬಿರುವ ಊರುಗಳಲ್ಲಿ, ಜಗಲಿಯ ಮೇಲೆ ಕುಳಿತು ತೊಡೆಯಲ್ಲಿ ತಡ್ಪೆಯನ್ನಿರಿಸಿಕೊಂಡು, ಎಲೆಯನ್ನು ಅಳತೆಗೆ ಕತ್ತರಿಸಿ, ಹೊಗೆಸೊಪ್ಪಿನ ಹುಡಿ ತುಂಬಿ ಸುರುಳಿ ಸುತ್ತಿ, ನೂಲಿನಿಂದ ಬಿಗಿದು, ಕಟ್ಟುಗಳನ್ನು ಬೀಡಿಯ ಬ್ರಾಂಚಿಗೆ ಒಪ್ಪಿಸಿ ಬರುವ ಹೆಂಗಸರನ್ನು ಕಾಣದವರು ವಿರಳ. ಇಂತಹ ದುಡಿಮೆಯ ಕೂಲಿಯನ್ನು ಯಾರು ಯಾರೊಡನೆ ಕುಳಿತು ನಿಶ್ಚಯಿಸಬೇಕೆಂಬ ಪ್ರಶ್ನೆಯನ್ನೇ ಜೀವಿತದ ಪ್ರಶ್ನೆಯಾಗಿಸಿಕೊಂಡ ವರಾಹಗಿರಿ ವೆಂಕಟಗಿರಿಯವರು, 1937ರಿಂದ 1939ರವರೆಗೆ, ಅಂದು ಈ ಜಿಲ್ಲೆಯೂ ಸೇರಿದ್ದ ಮದ್ರಾಸು ಪ್ರಾಂತದಲ್ಲಿ, ರಾಜಾಜಿಯವರ ಮಂತ್ರಿಮಂಡಲದ ಕಾರ್ಮಿಕ ಹಾಗೂ ಕೈಗಾರಿಕಾ ಸಚಿವರಾಗಿದ್ದರೆಂಬುದನ್ನು ನಾವು ಮರೆಯತಕ್ಕದ್ದಲ್ಲ.

1894ರಲ್ಲಿ ಬರ್ಹಾಂಪುರದಲ್ಲಿ ಜನಿಸಿ, ಕಾನೂನಿನ ವ್ಯಾಸಂಗಕ್ಕೆಂದು ಐರ್ಲೆಂಡಿಗೆ ತೆರಳಿ, ಅಲ್ಲಿನ ಸ್ವಾತಂತ್ರ್ಯ ಹೋರಾಟಗಾರರ ಸಂಪರ್ಕದ ಕಾರಣದಿಂದ 1916ರಲ್ಲಿ ಆ ದೇಶವನ್ನು ಬಿಡಬೇಕಾಗಿ ಬಂದ ಗಿರಿಯವರು, ಸ್ವದೇಶದಲ್ಲಿ ರೈಲ್ವೆ ನೌಕರರ ಸಂಘಟನೆಗೆ ತಮ್ಮನ್ನು ಅರ್ಪಿಸಿಕೊಂಡರು. 1926ರಲ್ಲಿ ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್ಸಿನ ಅಧ್ಯಕ್ಷರಾದರು. ವ್ಯಾಜ್ಯವನ್ನು ನ್ಯಾಯಾಧಿಕರಣಕ್ಕೆ ಒಯ್ಯುವುದಕ್ಕಿಂತ ಧಣಿಯೂ ದುಡಿಯುವವನೂ ಎದುರುಬದುರು ಕುಳಿತು ತಾವೇ ಪರಿಹರಿಸಿಕೊಳ್ಳುವುದು ಶ್ರೇಯಸ್ಕರವೆಂಬುದು ಅವರ ದೃಢವಾದ ನಂಬಿಕೆಯಾಗಿತ್ತು.

ಈ ನಂಬಿಕೆಗೆ ಕಠಿನ ಪರೀಕ್ಷೆ ಒದಗಿದ್ದು ಸಿಂಹಳದಲ್ಲಿ. 1947ರಲ್ಲಿ ಅವರು ಅಲ್ಲಿಗೆ ಭಾರತದ ಹೈಕಮಿಷನರ್ ಆಗಿ ನಿಯುಕ್ತರಾದರು. ಮರುವರ್ಷವೇ ಸ್ವತಂತ್ರ ಸಿಂಹಳವು ರಚಿಸಿದ ಪೌರತ್ವದ ಕಾಯಿದೆಯು, ಚಹಾ ತೋಟಗಳಲ್ಲಿ ತಲೆಮಾರುಗಳಿಂದ ದುಡಿದ ಭಾರತೀಯ ಮೂಲದ ಲಕ್ಷಾಂತರ ತಮಿಳು ಕೂಲಿಗಾರರನ್ನು ನಾಡಿಲ್ಲದವರನ್ನಾಗಿಸಿತು. ಮಾಲೀಕನೊಡನೆ ವಾದಿಸುವಾಗ ಕಾರ್ಮಿಕ ಮುಖಂಡನ ಬೆನ್ನಿಗೆ ಮುಷ್ಕರದ ಬಲವಿರುತ್ತದೆ. ರಾಯಭಾರಿಗೆ ಉಳಿಯುವುದು ವಿನಯವೂ ಸಹನೆಯೂ ಮಾತ್ರ. 1951ರಲ್ಲಿ ಅವರು ಹುದ್ದೆಯನ್ನು ಬಿಡುವ ಕಾಲಕ್ಕೂ ಆ ಸಮಸ್ಯೆ ಬಗೆಹರಿಯಲಿಲ್ಲ. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದವು ಅದಕ್ಕೊಂದು ದಾರಿಯನ್ನು ಕಲ್ಪಿಸಿತಾದರೂ, 5,25,000 ಜನರನ್ನು ಭಾರತಕ್ಕೆಂದೂ 3,00,000 ಜನರನ್ನು ಸಿಂಹಳಕ್ಕೆಂದೂ ಹಂಚಿದ ಆ ಲೆಕ್ಕದಲ್ಲಿ, ಆ ಜನರ ಇಚ್ಛೆಯನ್ನು ಕೇಳಿದವರಾರು? ಅದನ್ನು ಗಿರಿಯವರ ವೈಯಕ್ತಿಕ ಸೋಲೆಂದೆಣಿಸುವುದು ಸಲ್ಲದು. ಎರಡು ಸರಕಾರಗಳ ನಡುವೆ ಕೂಲಿಗಾರನಿಗೆ ಕುರ್ಚಿಯೇ ಇರಲಿಲ್ಲ.

1952ರಲ್ಲಿ ಕೇಂದ್ರದ ಕಾರ್ಮಿಕ ಸಚಿವರಾದ ಅವರು, ಬ್ಯಾಂಕ್ ನೌಕರರ ಪರವಾಗಿ ಮೇಲ್ಮನವಿ ನ್ಯಾಯಾಧಿಕರಣವು ಕೊಟ್ಟ ತೀರ್ಪನ್ನು ಸರಕಾರವು 1954ರಲ್ಲಿ ತಿದ್ದಿದಾಗ ರಾಜೀನಾಮೆ ಕೊಟ್ಟು ಹೊರನಡೆದರು. ತಾವು ಬಯಸಿದ ದಾರಿ ನ್ಯಾಯಾಧಿಕರಣದ್ದಲ್ಲವಾದರೂ, ಒಮ್ಮೆ ದುಡಿಯುವವನಿಗೆ ದಕ್ಕಿದ್ದನ್ನು ಕಸಿಯುವುದಕ್ಕೆ ತಾವು ಪಾಲುದಾರರಾಗಲೊಲ್ಲೆವೆಂದ ಆ ನಡೆಯನ್ನು, ಅವರ ಸಮಸ್ತ ಪದವಿಗಳಿಗಿಂತ ಹಿರಿದೆಂದು ನಾನು ಭಾವಿಸುತ್ತೇನೆ.

ಮುಂದೆ ಉತ್ತರಪ್ರದೇಶ, ಕೇರಳಗಳಲ್ಲಿ ರಾಜ್ಯಪಾಲರಾಗಿದ್ದು, 1965ರಿಂದ 1967ರವರೆಗೆ ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರೂ ಆದರು. ಅಷ್ಟರೊಳಗೆ ಈ ಜಿಲ್ಲೆಯು ಮದ್ರಾಸನ್ನು ಬಿಟ್ಟು ಕನ್ನಡನಾಡನ್ನು ಸೇರಿಯಾಗಿತ್ತು. 1969ರ ಜುಲೈ 19ರಂದು, ಹಂಗಾಮಿ ರಾಷ್ಟ್ರಪತಿಗಳಾಗಿದ್ದ ಗಿರಿಯವರು ಅಂಕಿತ ಹಾಕಿದ ಸುಗ್ರೀವಾಜ್ಞೆಯಿಂದ ರಾಷ್ಟ್ರೀಕೃತವಾದ 14 ಬ್ಯಾಂಕುಗಳಲ್ಲಿ ಎರಡು ಈ ಕರಾವಳಿಯಲ್ಲೇ ಹುಟ್ಟಿದವು: ಮಂಗಳೂರಿನ ಕೆನರಾ ಬ್ಯಾಂಕ್, ಉಡುಪಿಯ ಸಿಂಡಿಕೇಟ್ ಬ್ಯಾಂಕ್.