ಅಣುಯಂತ್ರಗಳ ಸನ್ನಿಧಿ

ವಾಕ್ಯದಿಂದ ಅರ್ಥಬೋಧೆಯಾಗಬೇಕಾದರೆ ಪದಗಳಲ್ಲಿ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರೂ ಇರಬೇಕೆಂಬುದು ತಾರ್ಕಿಕರ ಮತ. ನಿಘಂಟಿನಿಂದ ಒಂದೊಂದು ಪದವನ್ನು ಅರಿತ ಮಾತ್ರಕ್ಕೆ ವಾಕ್ಯಾರ್ಥವು ತಿಳಿಯದು. ಜೀವಕೋಶದೊಳಗಣ ಅಣುಯಂತ್ರಗಳಿಗೂ ಈ ನ್ಯಾಯವು ಸಲ್ಲುವುದೆಂಬುದಕ್ಕೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿ. ನಾಗರಾಜ ಅವರೂ ಅವರ ಸಹೋದ್ಯೋಗಿಗಳೂ ೨೦೧೭ರಲ್ಲಿ ಪ್ರಕಟಿಸಿದ ಸಂಶೋಧನೆಯು ಉತ್ತಮ ನಿದರ್ಶನವಾಗಿದೆ.

ಕ್ಷಯರೋಗದ ಬ್ಯಾಕ್ಟೀರಿಯವು ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲಿನಷ್ಟು ಉದ್ದವುಳ್ಳದ್ದು. ಅದರ ಡಿ.ಎನ್.ಎ.ಯಾದರೋ ಸುಮಾರು ೪೪ ಲಕ್ಷ ಅಕ್ಷರಜೋಡಿಗಳ ಒಂದು ಬಳೆ. ಚಾಚಿದರೆ ಒಂದೂವರೆ ಮಿಲಿಮೀಟರು. ಎರಡೆಳೆಯ ಹುರಿಯಂತಿರುವ ಇದನ್ನು ಆರ್.ಎನ್.ಎ. ಪಾಲಿಮರೇಸ್ ಎಂಬ ಯಂತ್ರವು ಬಿಡಿಸುತ್ತ, ಓದುತ್ತ, ಪ್ರತಿಯನ್ನು ಬರೆಯುತ್ತ ಮುಂದೆ ಸಾಗುತ್ತದೆ. ಎರಡು ತುದಿಗಳನ್ನೂ ಬಿಗಿದ ಹಗ್ಗದ ಎಳೆಗಳ ನಡುವೆ ಕೋಲನ್ನು ತೂರಿಸಿ ತಳ್ಳಿದರೆ ಮುಂದುಗಡೆ ಹುರಿಯೇರುತ್ತದೆ, ಹಿಂದುಗಡೆ ಸಡಿಲಾಗುತ್ತದೆ. ಡಿ.ಎನ್.ಎ.ಯಲ್ಲಿಯೂ ಹೀಗೆಯೇ ಆಗುವುದೆಂದು ಲಿಯು ಮತ್ತು ವಾಂಗ್ ಎಂಬವರು ೧೯೮೭ರಲ್ಲಿ ಪ್ರತಿಪಾದಿಸಿದರು. ಈ ತಿರುಚು ಮಿತಿಮೀರಿದರೆ ಲೇಖನಕಾರ್ಯವೇ ಕುಂಠಿತವಾಗುವುದು. ಆದುದರಿಂದ ಪಾಲಿಮರೇಸಿಗೆ ಇತರ ಯಂತ್ರಗಳ ಆಕಾಂಕ್ಷೆಯುಂಟು.

ಅಂತಹ ಯಂತ್ರಗಳೆರಡು. ಟೋಪೋಐಸೋಮರೇಸ್-೧ ಎಂಬುದು ಒಂದೆಳೆಯನ್ನು ಮಾತ್ರ ಕತ್ತರಿಸಿ, ಮರಳಿ ಬೆಸೆದು, ಸಡಿಲವಾದ ಕಡೆ ಸಮಸ್ಥಿತಿಯನ್ನು ತರುತ್ತದೆ. ೧೯೭೬ರಲ್ಲಿ ಗೆಲರ್ಟ್ ಮೊದಲಾದವರು ಕಂಡುಹಿಡಿದ ಗೈರೇಸ್ ಎರಡೆಳೆಗಳನ್ನೂ ಕತ್ತರಿಸಿ, ಆ ಎಡೆಯಲ್ಲಿ ಡಿ.ಎನ್.ಎ.ಯ ಇನ್ನೊಂದು ಭಾಗವನ್ನು ಹಾಯಿಸಿ, ಬೆಸೆದು, ಬಿಗಿತವನ್ನು ಕಳೆಯುತ್ತದೆ. ಪ್ರಯೋಗನಳಿಕೆಯಲ್ಲಿ ಬಿಡಿಬಿಡಿಯಾಗಿ ಪರೀಕ್ಷಿಸಿದುದರಿಂದ ಇವುಗಳ ಯೋಗ್ಯತೆ ಸಿದ್ಧವಾಯಿತು. ಆದರೆ ಕ್ಷಯದ ಜೀವಂತ ಕೋಶದಲ್ಲಿ ಇವು ಪಾಲಿಮರೇಸಿನ ಬಳಿಯೇ ಇರುವುವೋ, ಎಲ್ಲೆಡೆ ಚದರಿರುವುವೋ ಎಂಬ ಶಂಕೆಯುಳಿದಿತ್ತು.

ಸಂಶೋಧಕರು ಕೋಶದೊಳಗಣ ಪ್ರೋಟೀನುಗಳನ್ನು ಇದ್ದೆಡೆಯಲ್ಲಿಯೇ ಡಿ.ಎನ್.ಎ.ಗೆ ಬೆಸೆದು, ಅದನ್ನು ತುಂಡರಿಸಿ, ಒಂದೊಂದು ಯಂತ್ರವು ಹಿಡಿದಿದ್ದ ತುಂಡುಗಳನ್ನು ಬೇರೆ ತೆಗೆದು ಓದಿದರು. ಲೇಖನವು ಹೆಚ್ಚಾಗಿ ನಡೆಯುವ ಸ್ಥಳಗಳಲ್ಲಿಯೇ ಎರಡು ಯಂತ್ರಗಳೂ ಹೆಚ್ಚಾಗಿ ನೆರೆದಿದ್ದುವು: ಪಾಲಿಮರೇಸಿನ ಮುಂದೆ ಗೈರೇಸ್, ಹಿಂದೆ ಟೋಪೋಐಸೋಮರೇಸ್-೧. ಹೀಗೆ ಸನ್ನಿಧಿಯೂ ಸಿದ್ಧಿಸಿತು. ಈ ಸನ್ನಿಧಿಯು ಆಕಾಂಕ್ಷೆಯಿಂದಲೇ ಒದಗಿದುದು. ತಿರುಚೇ ಯಂತ್ರಗಳನ್ನು ಕರೆಯುತ್ತದೆ.

ಇದು ಕೇವಲ ಕುತೂಹಲದ ವಿಷಯವಲ್ಲ. ಕ್ಷಯವು ಗಾಳಿಯಿಂದ ಹರಡತಕ್ಕುದು; ಹಲಸೂರಿನ ಮಗ್ಗುಲ ಜೋಗುಪಾಳ್ಯದಂತೆ ಮನೆಗೆ ಮನೆ ತಾಗಿರುವ ಕೇರಿಗಳಲ್ಲಿ ಒಬ್ಬನ ಕೆಮ್ಮು ಒಬ್ಬನದಾಗಿಯೇ ಉಳಿಯದು. ರಿಫಾಂಪಿಸಿನ್ ಎಂಬ ಔಷಧವು ಪಾಲಿಮರೇಸನ್ನು ತಡೆಯುತ್ತದೆ. ಅದಕ್ಕೆ ಬಗ್ಗದ ಕ್ಷಯಕ್ಕೆ ಕೊಡುವ ಲೆವೊಫ್ಲಾಕ್ಸಾಸಿನ್ ಗೈರೇಸನ್ನು ಕೆಡಿಸುತ್ತದೆ. ಯಂತ್ರದ ರಚನೆಯು ಕಿಂಚಿತ್ ಮಾರ್ಪಟ್ಟರೂ ಆಯಾ ಮದ್ದು ನಾಟದೆ ಹೋಗಬಹುದು. ಮೂರನೆಯದಾದ ಟೋಪೋಐಸೋಮರೇಸ್-೧ಕ್ಕೆ ಈ ಬ್ಯಾಕ್ಟೀರಿಯದಲ್ಲಿ ಪ್ರತಿನಿಧಿಯಿಲ್ಲ. ಅದಿಲ್ಲದೆ ಇದು ಬದುಕದು. ಆದುದರಿಂದಲೇ ಹೊಸ ಔಷಧವನ್ನು ಅರಸುವವರ ದೃಷ್ಟಿಯು ಅದರ ಮೇಲೂ ಬಿದ್ದಿದೆ. ವಾಕ್ಯವನ್ನು ಕೆಡಿಸಲು ಒಂದು ಪದವನ್ನು ಕಿತ್ತರೆ ಸಾಕು. ಯಾವುದನ್ನು ಕೀಳಬೇಕೆಂಬುದು ಅನ್ವಯವನ್ನು ಬಲ್ಲವನಿಗೆ ಮಾತ್ರ ವೇದ್ಯ.