ವರ್ಷಕ್ಕೆರಡು ಗುಲಾಬಿ ಭಾನುವಾರ

ಮೈಸೂರಿನ ಅಶೋಕ ರಸ್ತೆಯ ಸಂತ ಫಿಲೋಮಿನಾ ಚರ್ಚ್‌ಗೆ ಬರುವ ಜನರಲ್ಲಿ ಎರಡು ಪಂಗಡ. ಒಂದು ಕತ್ತೆತ್ತುವ ಪಂಗಡ. ಬಸ್ಸಿನಿಂದ ಇಳಿದದ್ದೇ ಮೊಬೈಲು ಮೇಲೆತ್ತಿ, 175 ಅಡಿ ಎತ್ತರದ ಜೋಡಿ ಗೋಪುರ ಒಂದೇ ಫೋಟೋದಲ್ಲಿ ಹಿಡಿಸದೆ ಹಿಂದೆ ಹಿಂದೆ ಹೆಜ್ಜೆಯಿಡುತ್ತ ಗೇಟಿನವರೆಗೂ ಬಂದುಬಿಡುವವರು. ಇನ್ನೊಂದು ತಲೆ ತಗ್ಗಿಸುವ ಪಂಗಡ. ಇವರಿಗೆ ಗೋಪುರ ಬೇಕಿಲ್ಲ. ನೇರ ಒಳಗೆ ಹೋಗಿ, ಬಲಿಪೀಠದ ಅಡಿಯಲ್ಲಿರುವ ನೆಲಮಾಳಿಗೆಗೆ ಮೆಟ್ಟಿಲಿಳಿಯುತ್ತಾರೆ. ಅಲ್ಲಿ ಒರಗಿ ಮಲಗಿದ ಭಂಗಿಯಲ್ಲಿ ಒಬ್ಬ ಹುಡುಗಿಯ ಪ್ರತಿಮೆಯಿದೆ. ಪರೀಕ್ಷೆ, ಸಾಲ, ಗರ್ಭ, ಗಂಡನ ಕುಡಿತ, ಆಸ್ಪತ್ರೆಯ ರಿಪೋರ್ಟು, ಹೀಗೆ ಒಬ್ಬೊಬ್ಬರದು ಒಂದೊಂದು. ಹಾಗೆ ಇಳಿಯುವವರೆಲ್ಲ ಕ್ರೈಸ್ತರೇ ಆಗಿರಬೇಕೆಂದೇನಿಲ್ಲ.

ಆ ಹುಡುಗಿಯ ಕತೆಯೇ ವಿಚಿತ್ರ. 1802ರ ಮೇ ತಿಂಗಳಲ್ಲಿ ರೋಮ್ ನಗರದ ಪ್ರಿಸ್ಸಿಲ್ಲಾ ಎಂಬ ಭೂಗತ ಸ್ಮಶಾನದಲ್ಲಿ ಒಂದು ಹಳೆಯ ಸಮಾಧಿ ಸಿಕ್ಕಿತು. ಅದರ ಬಾಯಿಗೆ ಮೂರು ಹೆಂಚು ಮುಚ್ಚಿದ್ದರು. ಹೆಂಚಿನ ಮೇಲೆ ಲಂಗರು, ಬಾಣ, ತಾಳೆಗರಿಯ ಚಿತ್ರಗಳು. ನಡುವೆ ಅರ್ಥವಾಗದ ಲ್ಯಾಟಿನ್ ಅಕ್ಷರಗಳು. ಮುಚ್ಚಿದವರು ಹೆಂಚುಗಳನ್ನು ಹಿಂದುಮುಂದಾಗಿ ಕೂರಿಸಿದ್ದರು! ಮೊದಲನೆಯದನ್ನು ಕೊನೆಗೆ ಸರಿಸಿ ಓದಿದಾಗ, ಫಿಲುಮೆನಾ ಎಂಬವಳಿಗೆ ಶಾಂತಿಯಿರಲಿ ಎಂಬ ಅರ್ಥ ಬಂತು. ಒಳಗಿದ್ದದ್ದು ಹದಿಹರೆಯದ ಹುಡುಗಿಯೊಬ್ಬಳ ಎಲುಬು. ಅವಳ ಬಗ್ಗೆ ಖಚಿತವಾಗಿ ಗೊತ್ತಿರುವುದು ಅಷ್ಟೆ. ಉಳಿದ ಜೀವನಚರಿತ್ರೆಯೆಲ್ಲ ಆಮೇಲೆ ನೇಪಲ್ಸಿನ ಸನ್ಯಾಸಿನಿಯೊಬ್ಬರಿಗೆ ಆದ ದರ್ಶನಗಳಿಂದ ಬಂದದ್ದು. ಇಷ್ಟು ತೆಳುವಾದ ಆಧಾರದ ಮೇಲೆ ಹಬ್ಬ ಬೇಡವೆಂದು 1961ರಲ್ಲಿ ರೋಮ್ ಅವಳ ಹೆಸರನ್ನು ಪೂಜಾ ಪಂಚಾಂಗದಿಂದ ತೆಗೆಯಿತು. ಮೈಸೂರಿನ ಜನ ಮಾತ್ರ ಮೆಟ್ಟಿಲಿಳಿಯುವುದನ್ನು ಬಿಡಲಿಲ್ಲ.

ಅವಳು ಮೈಸೂರಿಗೆ ಬಂದದ್ದು ಅರಮನೆಯ ದಾರಿಯಿಂದ. ನಾಲ್ವಡಿ ಕೃಷ್ಣರಾಜ ಒಡೆಯರ ಹುಜೂರ್ ಕಾರ್ಯದರ್ಶಿಯಾಗಿದ್ದ ಟಿ.ಆರ್.ಎ. ತಂಬುಚೆಟ್ಟಿಯವರು ಪೋಪರ ಪ್ರತಿನಿಧಿ ಪೀಟರ್ ಪಿಸಾನಿ ಅವರ ಮೂಲಕ 1926ರಲ್ಲಿ ಫಿಲೋಮಿನಾಳ ಅವಶೇಷವೊಂದನ್ನು ತರಿಸಿಕೊಂಡರು. ಅದನ್ನಿಡಲು ಚರ್ಚ್ ಬೇಕಾಯಿತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1843ರಲ್ಲಿ ಕಟ್ಟಿದ ಚಿಕ್ಕ ಚರ್ಚ್ ಅಲ್ಲಿ ಆಗಲೇ ಇತ್ತು. ಹೊಸದಕ್ಕೆ 1933ರ ಅಕ್ಟೋಬರ್ 28ರಂದು ನಾಲ್ವಡಿಯವರೇ ಅಡಿಗಲ್ಲಿಟ್ಟರು. ನಕ್ಷೆ ಡೇಲಿ ಎಂಬ ಫ್ರೆಂಚ್ ಶಿಲ್ಪಿಯದು, ಮಾದರಿ ಜರ್ಮನಿಯ ಕಲೋನ್ ಕೆಥೀಡ್ರಲ್‌ನದು. ಈ ಕಟ್ಟಡಕ್ಕೆ ಎರಡು ತಳಪಾಯ, ಒಂದು ದೇವರ ಕರುಣೆ, ಇನ್ನೊಂದು ಜನರ ಕೃತಜ್ಞತೆ ಎಂಬರ್ಥದ ಮಾತನ್ನು ಅಂದು ಮಹಾರಾಜರು ಆಡಿದ್ದರು. ಹಿಂದೂ ರಾಜರೊಬ್ಬರು ಕ್ರೈಸ್ತರ ಚರ್ಚ್‌ಗೆ ಕಲ್ಲಿಡುತ್ತ, ಆ ಧರ್ಮದ ಒಳಗುಟ್ಟನ್ನೇ ಮುಟ್ಟಿ ನುಡಿದಂತಿತ್ತು. ಕಷ್ಟದಲ್ಲಿರುವವರು ಬರುವ ಕಟ್ಟಡಕ್ಕೆ ಕೃತಜ್ಞತೆಯ ತಳಪಾಯ! ಹೊರಗಿನವರಿಗೆ ಗೋಜಲಾಗುವುದು ಇಲ್ಲೇ. ಅಳುವವರ ನಡುವೆ ಸಂತೋಷದ ಮಾತೇಕೆ?

ಕನ್ನಡದ ಒಂದು ಕ್ರಿಯಾಪದ ಈ ಗೋಜಲನ್ನು ಸ್ವಲ್ಪ ಬಿಡಿಸುತ್ತದೆ. ನಾವು ಕಷ್ಟ ಪಡುತ್ತೇವೆ, ದುಃಖ ಪಡುತ್ತೇವೆ, ಸಂತೋಷವನ್ನೂ ಪಡುತ್ತೇವೆ. ಮೂರಕ್ಕೂ ಒಂದೇ ‘ಪಡು’. ಅದರಿಂದಲೇ ‘ಪಾಡು’ ಬಂದದ್ದು. ಯಾರಿಗೂ ಬೇಡ ಈ ಪಾಡು ಅನ್ನುತ್ತೇವಲ್ಲ, ಅದು. ಯೇಸು ಶಿಲುಬೆಯ ಮೇಲೆ ಪಟ್ಟ ಯಾತನೆಗೂ ಕನ್ನಡ ಕ್ರೈಸ್ತರ ಬಾಯಲ್ಲಿ ಪಾಡು ಎಂಬ ಮಾತಿದೆ. ಹಳಗನ್ನಡದಲ್ಲಿ ಹಾಡುವುದಕ್ಕೂ ಪಾಡು ಎಂದೇ ಅನ್ನುತ್ತಿದ್ದರು ಎಂಬುದನ್ನು ಸುಮ್ಮನೆ ಜೊತೆಗಿಟ್ಟುಕೊಳ್ಳಬಹುದು.

ಬೈಬಲಿನಲ್ಲಿ ಈ ಎರಡು ಪಾಡೂ ಒಂದೇ ಕೋಣೆಯಲ್ಲಿ ಸಿಗುವ ಊರು ಫಿಲಿಪ್ಪಿ. ಯೇಸುವಿನ ಸುದ್ದಿ ಸಾರಲು ಹೋದ ಪೌಲ ಮತ್ತು ಸೀಲ ಅಲ್ಲಿ ಛಡಿಯೇಟು ತಿಂದು ಸೆರೆಮನೆ ಸೇರಿದರು. ಕಾಲಿಗೆ ಮರದ ಕೋಳ. ನಡುರಾತ್ರಿ ಇಬ್ಬರೂ ಹಾಡತೊಡಗಿದರು, ಉಳಿದ ಕೈದಿಗಳು ಕಿವಿಗೊಟ್ಟು ಕೇಳಿದರು ಎನ್ನುತ್ತದೆ ಕತೆ. ಕೆಲವು ವರ್ಷಗಳಾದ ಮೇಲೆ ಪೌಲ ಮತ್ತೊಂದು ಸೆರೆಯಲ್ಲಿದ್ದಾಗ ಅದೇ ಊರಿನವರಿಗೆ ಒಂದು ಪತ್ರ ಬರೆದ. ನಾಲ್ಕೇ ಅಧ್ಯಾಯ. ಅಷ್ಟರಲ್ಲಿ ಸಂತೋಷ, ಸಂತೋಷಿಸಿ ಎಂಬ ಮಾತು ಸುಮಾರು ಹದಿನಾರು ಸಲ ಬರುತ್ತದೆ. ಬಿಡುಗಡೆಯಾಗುತ್ತದೋ ತಲೆ ಹೋಗುತ್ತದೋ ಗೊತ್ತಿಲ್ಲದ ಮನುಷ್ಯ ಬರೆದ ಕಾಗದ ಇದು. ಗಮನಿಸಬೇಕಾದದ್ದು, ಆ ಮಾತು ಅಲ್ಲಿ ಮತ್ತೆ ಮತ್ತೆ ವಿಧಿರೂಪದಲ್ಲಿದೆ. ‘ನನಗೆ ಸಂತೋಷವಾಗುತ್ತಿದೆ’ ಎಂಬಷ್ಟಕ್ಕೆ ನಿಲ್ಲುವುದಿಲ್ಲ, ‘ನೀವೂ ಪಡಿ’ ಅನ್ನುತ್ತದೆ. ಭಾವನೆಯನ್ನು ಆಜ್ಞೆ ಮಾಡಿ ತರಿಸಲಾಗದು. ಕೆಲಸವನ್ನು ತರಿಸಬಹುದು. ಹಾಡು, ಅಡುಗೆ ಮಾಡು, ದೀಪ ಹಚ್ಚು, ಪಕ್ಕದ ಮನೆಗೆ ಹೋಗಿ ಬಾ. ಕ್ರೈಸ್ತರು ಕಷ್ಟಕಾಲದ ಸಂತೋಷವೆಂದು ಹೇಳುವುದರಲ್ಲಿ ಮನಸ್ಸಿನ ಉಲ್ಲಾಸಕ್ಕಿಂತ ಇಂಥ ಕೆಲಸಗಳ ಪಾಲೇ ದೊಡ್ಡದು.

ಮೈಸೂರಿನಿಂದ ಹದಿನೈದು ಕಿಲೋಮೀಟರು ದೂರದ ಶ್ರೀರಂಗಪಟ್ಟಣದಲ್ಲಿ ಇದರ ಕಠಿಣ ಪರೀಕ್ಷೆಯೊಂದು ನಡೆದುಹೋಗಿದೆ. ಎರಡನೇ ಆಂಗ್ಲೋ-ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನ ಕರಾವಳಿಯ ಕೆಥೊಲಿಕರನ್ನು ಸೆರೆಹಿಡಿಸಿದ. ಸಮುದಾಯದ ನೆನಪಿನಲ್ಲಿ ಆ ದಿನ 1784ರ ಬೂದಿ ಬುಧವಾರ. ನಲವತ್ತು ದಿನಗಳ ತಪಸ್ಸು ಕಾಲದ ಮೊದಲ ದಿನ, ಮಣ್ಣಿಗೆ ಮರಳುವವರು ನಾವೆಂದು ನೆನೆದು ಹಣೆಗೆ ಬೂದಿ ಇಡಿಸಿಕೊಳ್ಳುವ ದಿನ. ಎಷ್ಟು ಜನ ಎಂಬುದರಲ್ಲಿ ಇತಿಹಾಸಕಾರರು ಒಪ್ಪುವುದಿಲ್ಲ. ಲೆಕ್ಕ 30,000ದಿಂದ ಹಿಡಿದು 60,000ವನ್ನೂ ದಾಟುತ್ತದೆ. ಪಾದ್ರಿಗಳನ್ನು ಗಡೀಪಾರು ಮಾಡಿ, ಜನರನ್ನು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ಅನೇಕರು ದಾರಿಯಲ್ಲೇ ಸತ್ತರು. ಬಲವಂತದ ಮತಾಂತರಗಳಾದವು, ಹರೆಯದವರು ಸೈನ್ಯಕ್ಕೆ ಸೇರಬೇಕಾಯಿತು. ಅಂದಿನ ತಪಸ್ಸು ಕಾಲ ನಲವತ್ತು ದಿನಕ್ಕೆ ಮುಗಿಯಲಿಲ್ಲ, 1799ರ ಮೇ ತಿಂಗಳಲ್ಲಿ ಕೋಟೆ ಬೀಳುವವರೆಗೆ ಹದಿನೈದು ವರ್ಷ ಎಳೆಯಿತು. ಇಂದು ಟಿಪ್ಪುವಿನ ಪರ-ವಿರೋಧದ ಗದ್ದಲದಲ್ಲಿ ಈ ಘಟನೆಯನ್ನು ಎಳೆದಾಡುವವರು ಬಹಳ. ಬದುಕಿ ಉಳಿದವರು ಆಮೇಲೆ ಏನು ಮಾಡಿದರು ಎಂದು ಕೇಳುವವರು ಕಡಿಮೆ.

ಅವರಲ್ಲಿ ಬಹಳ ಜನ ಊರಿಗೆ ಮರಳಿದರು, ಬಿದ್ದ ಚರ್ಚ್‌ಗಳನ್ನು ಎಬ್ಬಿಸಿದರು. ಜೊತೆಗೆ ಹೊಸ ಭತ್ತದ ಹಬ್ಬವನ್ನೂ ಕೈಬಿಡದೆ ಉಳಿಸಿಕೊಂಡರು. ಸೆರೆಯ ದಿನಗಳಿಗೂ ಮೊದಲು, 1763ರ ಹೊತ್ತಿಗೆ, ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚ್‌ನಲ್ಲಿ ಫಾದರ್ ಜೋಕಿಂ ಮಿರಾಂಡಾ ಆರಂಭಿಸಿದರೆನ್ನಲಾಗುವ ಮೊಂತಿ ಫೆಸ್ತ್ ಇದು. ಸೆಪ್ಟೆಂಬರ್ 8, ಮರಿಯಮ್ಮನವರ ಹುಟ್ಟುಹಬ್ಬ. ಮಕ್ಕಳು ಒಂಬತ್ತು ದಿನ ಹೂ ಅರ್ಪಿಸುತ್ತಾರೆ. ಕೊನೆಯ ದಿನ ಆಶೀರ್ವದಿಸಿದ ತೆನೆ ಮನೆಗೆ ಬರುತ್ತದೆ. ಅದರ ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಬೆರೆಸಿ, ಮನೆಮಂದಿಯೆಲ್ಲ ಕೂತು ಬಾಳೆಯೆಲೆಯ ಮೇಲೆ ತರಕಾರಿ ಊಟ. ಮೀನಿಲ್ಲದೆ ತುತ್ತಿಳಿಯದ ಮನೆಗಳಲ್ಲೂ ಅಂದು ಮೀನಿಲ್ಲ! ಮಂಗಳೂರಿನಿಂದ ಬಂದು ಮೈಸೂರಿನಲ್ಲಿ ನೆಲೆಸಿದ ಕುಟುಂಬಗಳೂ ಈ ತೆನೆಯೂಟವನ್ನು ಬಿಟ್ಟಿಲ್ಲ. ಶ್ರೀರಂಗಪಟ್ಟಣ ಅವರಿಗೆ ಈಗ ಅರ್ಧ ಗಂಟೆಯ ದಾರಿ.

ಹಿಂದಿರುಗದೆ ಇಲ್ಲೇ ಉಳಿದವರ ಪಾಲಿಗೆ ಬಂದವನು ಫ್ರೆಂಚ್ ಪಾದ್ರಿ ಅಬ್ಬೆ ಡುಬೋಯಿ. ಪಂಚೆಯುಟ್ಟು, ಮಾಂಸ ಬಿಟ್ಟು, ಜನರಿಂದ ದೊಡ್ಡ ಸ್ವಾಮಿಯವರು ಅನ್ನಿಸಿಕೊಂಡವನು. ಶ್ರೀರಂಗಪಟ್ಟಣದ ಗಂಜಾಮ್‌ನಲ್ಲಿ ಅವನ ಹೆಸರಿನಿಂದಲೇ ಗುರುತಿಸುವ ಚರ್ಚ್ ಇಂದಿಗೂ ಇದೆ. ಚದುರಿದ ಸಮುದಾಯವನ್ನು ಕೂಡಿಸಿದ, ಬೇಸಾಯಕ್ಕೆ ಹಚ್ಚಿದ, ಸಿಡುಬಿಗೆ ದೇವಿ ಹಾಕಿಸುವ ಕೆಲಸಕ್ಕೆ ಊರೂರು ಅಲೆದ. ತಮಾಷೆಯೆಂದರೆ, ಸಂತೋಷ ಅವನ ಸ್ವಭಾವದಲ್ಲೇ ಇರಲಿಲ್ಲ. ಮೂವತ್ತೊಂದು ವರ್ಷ ಇಲ್ಲಿದ್ದು 1823ರಲ್ಲಿ ಊರಿಗೆ ಮರಳಿದವನು, ಭಾರತದಲ್ಲಿ ಕ್ರೈಸ್ತ ಧರ್ಮ ಬೇರೂರಲಾರದೆಂದು ಪುಸ್ತಕ ಬರೆದು ಕೈಚೆಲ್ಲಿಬಿಟ್ಟ. ಅವನು ದೇವಿ ಹಾಕಿಸಿದ ಮಕ್ಕಳು ಮಾತ್ರ ಬೆಳೆದು ದೊಡ್ಡವರಾದರು.

ಇಂಥ ನಿರಾಸೆಗೂ ಈ ಧರ್ಮದಲ್ಲಿ ಜಾಗವಿದೆ ಎಂಬುದನ್ನು ಸಂತೋಷದ ಪ್ರವಚನಕಾರರು ಮರೆಯುವುದುಂಟು. ಕನ್ನಡ ಬೈಬಲಿನ 150 ಕೀರ್ತನೆಗಳಲ್ಲಿ ಮೂರರಲ್ಲೊಂದು ಪಾಲಿಗೂ ಹೆಚ್ಚು ಗೋಳಿನವು. ಎಂಬತ್ತೆಂಟನೆಯದಂತೂ ಕತ್ತಲೆಯಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಸಾಲೂ ಇಲ್ಲ. ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡ ಯೋಬನನ್ನು ನೋಡಲು ಮೂವರು ಗೆಳೆಯರು ಬರುತ್ತಾರೆ. ಏಳು ದಿನ ಅವನ ಪಕ್ಕ ನೆಲದ ಮೇಲೆ ಸುಮ್ಮನೆ ಕೂರುತ್ತಾರೆ. ಅಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ಬಾಯಿ ತೆರೆಯುತ್ತಾರೆ. ನೀನು ಪಾಪ ಮಾಡಿದ್ದರಿಂದಲೇ ಹೀಗಾಯಿತು ಎಂದು ಪುಟಗಟ್ಟಲೆ ಉಪದೇಶ. ಕೊನೆಗೆ ದೇವರು ಸಿಟ್ಟಾಗುವುದು ಈ ಉಪದೇಶಕರ ಮೇಲೆ. ಸಾವಿನ ಮನೆಗೆ ಬಂದು ‘ಎಲ್ಲ ದೇವರ ಚಿತ್ತ, ಸಂತೋಷದಿಂದಿರಿ’ ಎಂದು ಹೇಳಿ ಕಾಫಿ ಕುಡಿದು ಹೋಗುವವರು ಯೋಬನ ಪುಸ್ತಕವನ್ನು ಒಂದು ಸಲ ತಿರುವಿ ಹಾಕುವುದು ಒಳ್ಳೆಯದು. ನಂಬಿದರೆ ರೋಗವೂ ಸಾಲವೂ ಹೋಗುತ್ತವೆಂದು ವೇದಿಕೆಯ ಮೇಲೆ ಕೂಗುವವರಿಗಂತೂ ಅದು ಕಡ್ಡಾಯ ಪಠ್ಯವಾಗಬೇಕು.

ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯ ದಾರಿ ಬೇರೆ. ಊರವರಿಗೆ ಅದು ಮಿಷನ್ ಆಸ್ಪತ್ರೆ. ಪ್ಲೇಗಿನ ಹೊಡೆತದಿಂದ ಮೈಸೂರು ಇನ್ನೂ ಪೂರ್ತಿ ಚೇತರಿಸಿಕೊಳ್ಳದಿದ್ದ ಕಾಲದಲ್ಲಿ, 1906ರಲ್ಲಿ, ವೆಸ್ಲಿಯನ್ ಮಿಷನ್ನಿನವರು ಹೆಂಗಸರು ಮಕ್ಕಳಿಗಾಗಿ ತೆರೆದದ್ದು. ಮೇರಿ ಕ್ಯಾಲ್ವರ್ಟ್ ಹೋಲ್ಡ್ಸ್‌ವರ್ತ್ ಎಂಬ ತೀರಿಹೋದ ಹೆಣ್ಣುಮಗಳ ನೆನಪಿನ ಕಟ್ಟಡ. ಸಾವೊಂದರ ನೆನಪಿಗೆ ನಿಂತ ಮನೆಯಲ್ಲಿ ಮೈಸೂರಿನ ಎಷ್ಟೋ ತಲೆಮಾರುಗಳ ಕೂಸುಗಳ ಮೊದಲ ಅಳು ಕೇಳಿದೆ.

ಕೆ.ಆರ್. ನಗರದ ಹತ್ತಿರದ ಡೋರ್ನಹಳ್ಳಿಯಲ್ಲಿ ಕಷ್ಟದ ನಡುವಿನ ಈ ಸಂತೋಷದ ಹಳ್ಳಿಯ ರೂಪ ಕಾಣುತ್ತದೆ. ಹೊಲ ಉಳುತ್ತಿದ್ದ ರೈತನ ನೇಗಿಲಿಗೆ ಮರದ ಬೊಂಬೆಯೊಂದು ಸಿಕ್ಕಿತು, ಮಕ್ಕಳ ಆಟಕ್ಕೆ ಕೊಟ್ಟ, ಆಮೇಲೆ ಮನೆಗೆ ಕಷ್ಟ ಬಂತು, ಕನಸಿನಲ್ಲಿ ಸನ್ಯಾಸಿ ಬಂದು ಗುಡಿ ಕಟ್ಟೆಂದ ಎಂಬುದು ಸ್ಥಳದ ಕತೆ. ಬೊಂಬೆ ಸಂತ ಅಂತೋಣಿಯವರದು. ಮಂಗಳವಾರವೆಂದರೆ ಅಲ್ಲಿ ಜನ. ಜೂನ್ 13ರ ಹಬ್ಬಕ್ಕೆ ಸುತ್ತಲ ಜಿಲ್ಲೆಗಳೆಲ್ಲ ಹರಿದು ಬರುತ್ತವೆ. ಹರಕೆ ಮುಡಿ ಕೊಡುವವರು, ಒಲೆ ಹೂಡಿ ಅಡುಗೆ ಮಾಡಿ ಬಂದವರಿಗೆ ಬಡಿಸುವವರು. ಅವರಲ್ಲಿ ಹಿಂದೂಗಳೂ ಬಹಳ. 2019ರಲ್ಲಿ ರೋಮ್ ಇಲ್ಲಿನ ಚರ್ಚ್‌ಗೆ ಬೆಸಿಲಿಕಾ ಪದವಿ ಕೊಟ್ಟಿತು. ಒಲೆ ಹೂಡುವವರಿಗೆ ಆ ಪದವಿಯಿಂದ ಹೆಚ್ಚಿನ ವ್ಯತ್ಯಾಸವೇನೂ ಆದಂತಿಲ್ಲ.

ದುಃಖದ ನಡುವೆ ಸಂತೋಷಕ್ಕೆ ದಿನ ಗೊತ್ತುಮಾಡಿಡುವ ಈ ಬುದ್ಧಿ ಚರ್ಚ್‌ನ ಪಂಚಾಂಗದಲ್ಲೇ ಹೆಣೆದುಕೊಂಡಿದೆ. ತಪಸ್ಸು ಕಾಲದ ನಲವತ್ತು ದಿನವೂ ಕೆಥೊಲಿಕ್ ಪೂಜೆಯಲ್ಲಿ ‘ಅಲ್ಲೆಲೂಯ’ ಎಂಬ ಪದ ಬಾಯಿಗೆ ಬರುವಂತಿಲ್ಲ. ಅದನ್ನು ಕಟ್ಟಿಟ್ಟು, ಈಸ್ಟರ್ ಹಿಂದಿನ ರಾತ್ರಿ, ಹೊಸ ಬೆಂಕಿಯಿಂದ ಮೇಣದ ಬತ್ತಿಗಳು ಒಂದರಿಂದೊಂದು ಹತ್ತಿಕೊಂಡು ಕತ್ತಲ ಚರ್ಚ್ ಬೆಳಗಿದ ಮೇಲೆ ಬಿಚ್ಚುತ್ತಾರೆ. 2020ರಲ್ಲಿ ಆ ರಾತ್ರಿ ಏಪ್ರಿಲ್ 11ಕ್ಕೆ ಬಿತ್ತು. ಮಾರ್ಚ್ 25ರಿಂದ ದೇಶಕ್ಕೇ ಬೀಗ. ರಾಜ್ಯದಲ್ಲಿ ಆಗ ಸೋಂಕು ಜೋರಾಗಿದ್ದ ಊರುಗಳಲ್ಲಿ ಮೈಸೂರೂ ಒಂದು. ರೋಮಿನಲ್ಲಿ ಪೋಪ್ ಫ್ರಾನ್ಸಿಸ್ ಎರಡು ವಾರದ ಹಿಂದಷ್ಟೇ, ಮಳೆ ಸುರಿಯುವ ಸಂಜೆ, ಖಾಲಿ ಚೌಕದಲ್ಲಿ ಒಬ್ಬರೇ ನಿಂತು ಪ್ರಾರ್ಥಿಸಿದ್ದರು. ಇಲ್ಲಿ ಬೆಂಚುಗಳು ಖಾಲಿ, ಪೂಜೆ ಮೊಬೈಲಿನಲ್ಲಿ. ಅಡುಗೆಮನೆಯ ಡಬ್ಬಿಗೆ ಫೋನು ಒರಗಿಸಿ, ಕರೆಂಟು ಹೋದಾಗ ಹಚ್ಚುವ ಮೇಣದ ಬತ್ತಿ ಹಚ್ಚಿ, ಸಿಗ್ನಲ್ಲು ನಿಂತು ನಿಂತು ಬರುವಾಗ ಅರ್ಧ ಕೇಳಿದ ಅಲ್ಲೆಲೂಯಕ್ಕೆ ಮನೆಯವರೇ ಉಳಿದರ್ಧ ಸೇರಿಸಬೇಕಾದ ಈಸ್ಟರ್ ಅದು.

ಮನೆಗಳ ಪಂಚಾಂಗವೂ ಹೀಗೇ. ಸಾವಾದ ವರ್ಷ ಅನೇಕ ಕ್ರೈಸ್ತ ಮನೆಗಳಲ್ಲಿ ಕ್ರಿಸ್ಮಸ್‌ಗೆ ಎಣ್ಣೆ ಬಾಣಲೆ ಇಡುವುದಿಲ್ಲ. ಹಾಗೆಂದು ಆ ಮನೆಯಲ್ಲಿ ಸಿಹಿ ಇರುವುದಿಲ್ಲವೆಂದಲ್ಲ. ಕಜ್ಜಾಯ, ಅಚ್ಚುಮುರುಕು, ಕಲ್‌ಕಲ್ ತಟ್ಟೆಗಳು ಅಕ್ಕಪಕ್ಕದಿಂದ ಬರುತ್ತವೆ. ಆ ವರ್ಷ ತಟ್ಟೆಯನ್ನು ಖಾಲಿ ಹಿಂದಿರುಗಿಸಿದರೂ ಯಾರೂ ತಪ್ಪು ತಿಳಿಯುವುದಿಲ್ಲ.

ಇನ್ನು ಗುಲಾಬಿ ಬಣ್ಣದ ಮಾತು. ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲ ಮತ್ತು ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲ, ಎರಡರಲ್ಲೂ ಗುರುಗಳು ಉಡುವ ಪೂಜಾವಸ್ತ್ರ ನೇರಳೆ, ಪಶ್ಚಾತ್ತಾಪದ ಬಣ್ಣ. ನಡುವೆ ಎರಡು ದಿನ ಮಾತ್ರ ಗುಲಾಬಿ. ಆಗಮನ ಕಾಲದ ಮೂರನೇ ಭಾನುವಾರ ಒಂದು, ಅದರ ಹೆಸರು ‘ಗೌದೇತೆ’. ತಪಸ್ಸು ಕಾಲದ ನಾಲ್ಕನೇ ಭಾನುವಾರ ಇನ್ನೊಂದು, ‘ಲೆತಾರೆ’. ಲ್ಯಾಟಿನ್ನಿನ ಈ ಎರಡು ಪದಗಳೂ ಹೇಳುವುದು ಒಂದನ್ನೇ, ಸಂತೋಷಪಡಬೇಕೆಂದು. ಮೊದಲನೆಯದನ್ನಂತೂ ಪೌಲನ ಆ ಸೆರೆಮನೆಯ ಪತ್ರದಿಂದಲೇ ಎತ್ತಿಕೊಂಡದ್ದು. ಗುಲಾಬಿ ವಸ್ತ್ರ ಕಡ್ಡಾಯವೇನಲ್ಲ, ಇಲ್ಲದ ಚರ್ಚ್‌ಗಳಲ್ಲಿ ಅಂದೂ ನೇರಳೆಯೇ. ಇರುವ ಕಡೆ ಅದು ವರ್ಷದ ಉಳಿದ ದಿನವೆಲ್ಲ ಬೀರುವಿನಲ್ಲಿ ಮಡಿಸಿಟ್ಟಿರುತ್ತದೆ. ಆ ಭಾನುವಾರದ ಹಿಂದಿನ ಸಂಜೆ ಯಾರಾದರೊಬ್ಬರು ಅದನ್ನು ಹೊರತೆಗೆದು, ನುಸಿಗುಳಿಗೆಯ ವಾಸನೆ ಹೋಗಲೆಂದು ಕಿಟಕಿಯ ಬಳಿ ಹರವಿ, ಇಸ್ತ್ರಿ ಪೆಟ್ಟಿಗೆ ಕಾಯಿಸಬೇಕು.