ಬ್ಲೂಸ್ ಬ್ಯಾಕಿಂಗ್ ಟ್ರ್ಯಾಕ್

ಬ್ಲೂಸ್ ಬ್ಯಾಕಿಂಗ್ ಟ್ರ್ಯಾಕ್ ಎಂಬುದು ಬ್ಲೂಸ್ ಶೈಲಿಯ ಗಿಟಾರ್ ವಾದಕರು ಜೊತೆಗೂಡಿ ನುಡಿಸಲೆಂದು ಸಿದ್ಧಪಡಿಸಿದ ಹಿನ್ನೆಲೆ ಧ್ವನಿಮುದ್ರಣ. ಇದರಲ್ಲಿ ಸಾಮಾನ್ಯವಾಗಿ ಡ್ರಮ್ಸ್, ಬಾಸ್ ಗಿಟಾರ್ ಮತ್ತು ಲಯಕ್ಕೆ ಒತ್ತಾಸೆ ನೀಡುವ ರಿದಮ್ ಗಿಟಾರ್ ಇರುತ್ತವೆ. ಕೆಲವೊಮ್ಮೆ ಪಿಯಾನೋ ಅಥವಾ ಆರ್ಗನ್ ಸೇರಿರುತ್ತದೆ. ಮುಖ್ಯ ವಾದ್ಯವಾದ ಲೀಡ್ ಗಿಟಾರಿನ ಸ್ಥಾನವನ್ನು ಮಾತ್ರ ಉದ್ದೇಶಪೂರ್ವಕವಾಗಿ ಖಾಲಿ ಬಿಡಲಾಗುತ್ತದೆ. ಕರೋಕೆಯಲ್ಲಿ ಗಾಯಕರ ಧ್ವನಿ ಇಲ್ಲದಿರುವಂತೆ ಇಲ್ಲಿ ಲೀಡ್ ಗಿಟಾರ್ ಇರುವುದಿಲ್ಲ. ಸಂಗಡಿಗರಿಲ್ಲದ ಅಭ್ಯಾಸಿಗೆ ವಾದ್ಯವೃಂದದೊಡನೆ ನುಡಿಸುವ ಅನುಭವ ನೀಡುವುದು ಇದರ ಉದ್ದೇಶ.

ಹಿನ್ನೆಲೆ

ಬ್ಲೂಸ್, 19ನೆಯ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಪ್ರಾಂತ್ಯಗಳ ಆಫ್ರಿಕನ್-ಅಮೆರಿಕನ್ ಜನರಲ್ಲಿ ರೂಪುಗೊಂಡ ಸಂಗೀತ. ಕರೆ ಮತ್ತು ಓಗೊಡುವಿಕೆ ಇದರ ಜೀವಾಳ. ಗಾಯಕನು ಒಂದು ಸಾಲನ್ನು ಹಾಡಿ ನಿಲ್ಲಿಸಿದಾಗ ಉಳಿಯುವ ಬಿಡುವಿನಲ್ಲಿ ವಾದ್ಯವು ಉತ್ತರಿಸುತ್ತದೆ. ಬಿ. ಬಿ. ಕಿಂಗ್ ಅವರ ಹಾಡುಗಳಲ್ಲಿ ಈ ಸಂವಾದವು ಸ್ಪಷ್ಟವಾಗಿ ಕೇಳಿಬರುತ್ತದೆ. ಆದ್ದರಿಂದ ಈ ಸಂಗೀತದಲ್ಲಿ ಬಿಡುವೂ ರಚನೆಯ ಒಂದು ಅಂಗವಾಗಿದೆ.

ಇತಿಹಾಸ

ಗಿಟಾರ್ ವಾದಕ ಲೆಸ್ ಪಾಲ್ ತಮ್ಮ ಮನೆಯ ಗ್ಯಾರೇಜಿನಲ್ಲಿ ಗಿಟಾರಿನ ಹಲವು ಪಾಠಗಳನ್ನು ಒಬ್ಬರೇ ನುಡಿಸಿ, ಒಂದರ ಮೇಲೊಂದನ್ನು ಮುದ್ರಿಸಿ ಸಿದ್ಧಪಡಿಸಿದ ‘ಲವರ್’ 1948ರಲ್ಲಿ ಹೊರಬಂದಿತು. ಒಂದು ವಾದ್ಯದ ಭಾಗವನ್ನು ಬಿಟ್ಟು ಮುದ್ರಿಸಿದ ಅಭ್ಯಾಸದ ಧ್ವನಿತಟ್ಟೆಗಳನ್ನು ‘ಮ್ಯೂಸಿಕ್ ಮೈನಸ್ ಒನ್’ ಸಂಸ್ಥೆಯು 1950ರಿಂದ ಮಾರಾಟಕ್ಕೆ ತಂದಿತು. ಜ್ಯಾಸ್ ಶಿಕ್ಷಕ ಜೇಮಿ ಏಬರ್‌ಸೋಲ್ಡ್ ಅವರ ಇಂಥದೇ ಮಾಲೆ 1967ರಲ್ಲಿ ಆರಂಭವಾಯಿತು. ಅದರ ಎರಡನೆಯ ಸಂಪುಟ ಸಂಪೂರ್ಣವಾಗಿ ಬ್ಲೂಸಿಗೆ ಮೀಸಲಾಗಿತ್ತು. 1979ರಲ್ಲಿ ಬಂದ ‘ಪೋರ್ಟಾಸ್ಟುಡಿಯೋ’ ಯಂತ್ರವು ಸಾಧಾರಣ ಕ್ಯಾಸೆಟ್ಟಿನಲ್ಲಿ ನಾಲ್ಕು ಪಥಗಳ ಮುದ್ರಣವನ್ನು ಸಾಧ್ಯವಾಗಿಸಿ ಈ ಕೆಲಸವನ್ನು ಮನೆಗೆ ತಂದಿತು. 2000ದಲ್ಲಿ ಬಿಡುಗಡೆಯಾದ ‘ಆಡಾಸಿಟಿ’ಯಂಥ ಉಚಿತ ತಂತ್ರಾಂಶಗಳಿಂದ ಇದು ಕಂಪ್ಯೂಟರ್ ಉಳ್ಳವರೆಲ್ಲರ ಕೈಗೆಟುಕಿತು.

ರಚನೆ

ಹೆಚ್ಚಿನ ಟ್ರ್ಯಾಕ್‌ಗಳು ‘12 ಬಾರ್ ಬ್ಲೂಸ್’ ಕ್ರಮವನ್ನು ಅನುಸರಿಸುತ್ತವೆ. ಒಂದು ಬಾರ್ ಎಂದರೆ ನಾಲ್ಕು ಎಣಿಕೆಗಳ ಘಟಕ. ‘ಎ’ ಶ್ರುತಿಯಲ್ಲಿ ಮೊದಲ 4 ಬಾರ್‌ಗಳಿಗೆ ಎ7, 5 ಮತ್ತು 6ಕ್ಕೆ ಡಿ7, 7 ಮತ್ತು 8ಕ್ಕೆ ಮತ್ತೆ ಎ7, 9ಕ್ಕೆ ಇ7, 10ಕ್ಕೆ ಡಿ7, 11ಕ್ಕೆ ಎ7, 12ಕ್ಕೆ ಇ7 ಎಂಬ ಕಾರ್ಡ್‌ಗಳು ಬರುತ್ತವೆ. ಕೊನೆಯ ಎರಡು ಬಾರ್‌ಗಳಿಗೆ ‘ಟರ್ನ್‌ಅರೌಂಡ್’ ಎಂದು ಹೆಸರು. ಅವು ಕೇಳುಗರನ್ನು ಸುತ್ತಿನ ಆರಂಭಕ್ಕೆ ಮರಳಿಸುತ್ತವೆ. ಒಂದು ಸುತ್ತಿಗೆ 48 ಎಣಿಕೆಗಳಾದ್ದರಿಂದ, ನಿಮಿಷಕ್ಕೆ 120 ಎಣಿಕೆಗಳ ವೇಗದಲ್ಲಿ ಅದು 24 ಸೆಕೆಂಡುಗಳಲ್ಲಿ ಮುಗಿಯುತ್ತದೆ. 12 ಸುತ್ತುಗಳಿಗೆ 4 ನಿಮಿಷ 48 ಸೆಕೆಂಡು ಬೇಕು. ‘ಷಫಲ್’ ನಡೆಯಲ್ಲಿ ಪ್ರತಿ ಎಣಿಕೆಯನ್ನು ಮೂರು ಸಮಭಾಗ ಮಾಡಿ, ಮೊದಲನೆಯ ಮತ್ತು ಮೂರನೆಯ ಭಾಗದ ಮೇಲೆ ನುಡಿಸಲಾಗುತ್ತದೆ.

ತಯಾರಿಸುವ ವಿಧಾನ

ಮೊದಲು ಶ್ರುತಿ ಮತ್ತು ವೇಗವನ್ನು ನಿರ್ಧರಿಸಿ, ಮೆಟ್ರೋನೋಮ್ ಸದ್ದನ್ನು ಹೆಡ್‌ಫೋನಿನಲ್ಲಿ ಕೇಳುತ್ತ ಮುದ್ರಿಸಬೇಕು. ಸ್ಪೀಕರಿನಲ್ಲಿ ಕೇಳಿದರೆ ಆ ಸದ್ದು ಮೈಕ್ರೊಫೋನಿಗೂ ಸೇರುತ್ತದೆ. ಆರಂಭದಲ್ಲಿ ನಾಲ್ಕು ಎಣಿಕೆಗಳನ್ನು ಉಳಿಸಿಕೊಂಡರೆ ಅಭ್ಯಾಸಿಗೆ ಪ್ರವೇಶ ಸುಲಭ. ಡ್ರಮ್ಸ್ ಭಾಗವನ್ನು ತಂತ್ರಾಂಶದಿಂದ ರೂಪಿಸಬಹುದು. 12ನೆಯ ಬಾರಿನ ಕೊನೆಯಲ್ಲಿ ಸಣ್ಣ ಮುಕ್ತಾಯದ ನುಡಿತವಿದ್ದರೆ ದಾರಿ ತಪ್ಪಿದವರಿಗೆ ಸುತ್ತು ಎಲ್ಲಿ ಮರಳುತ್ತದೆಂಬುದು ತಿಳಿಯುತ್ತದೆ. ಅನಂತರ ಬಾಸ್, ಕೊನೆಗೆ ರಿದಮ್ ಗಿಟಾರ್. ಈ ಹಂತದಲ್ಲಿ ಮಿತವ್ಯಯ ಅಗತ್ಯ. ಬಾಸ್ ಮೂಲಸ್ವರವನ್ನು ನುಡಿಸುತ್ತಿರುವಾಗ ಕಾರ್ಡಿನ ಗುಣವನ್ನು ತೋರಿಸಲು ಅದರ ಮೂರನೆಯ ಮತ್ತು ಏಳನೆಯ ಸ್ವರಗಳೇ ಸಾಕು. ಆರೂ ತಂತಿಗಳನ್ನು ಎಡೆಬಿಡದೆ ಮೀಟಿದರೆ ಲೀಡ್ ಗಿಟಾರಿಗೆ ಜಾಗವೇ ಉಳಿಯದು. ಮಿಶ್ರಣದಲ್ಲಿ ರಿದಮ್ ಗಿಟಾರನ್ನು ಒಂದು ಪಕ್ಕಕ್ಕೆ ಸರಿಸಿ, ಬಾಸ್ ಮತ್ತು ಡ್ರಮ್ಸನ್ನು ನಡುವೆ ಇರಿಸುವುದು ವಾಡಿಕೆ.

ಬ್ಲೂಸಿನ 12 ಬಾರ್ ಕ್ರಮವು ಎಲ್ಲರಿಗೂ ಮುಕ್ತವಾದುದು. ನಿರ್ದಿಷ್ಟ ಹಾಡಿನ ಧಾಟಿ ಮತ್ತು ಸಾಹಿತ್ಯಕ್ಕೆ ಮಾತ್ರ ಕೃತಿಸ್ವಾಮ್ಯ ಅನ್ವಯಿಸಬಹುದು.

ಮಿತಿಗಳು

ಬ್ಯಾಕಿಂಗ್ ಟ್ರ್ಯಾಕ್ ನುಡಿಯುತ್ತದೆ, ಆದರೆ ಕೇಳಿಸಿಕೊಳ್ಳುವುದಿಲ್ಲ. ಜಾನ್ ಲೀ ಹೂಕರ್, ಲೈಟ್ನಿನ್ ಹಾಪ್ಕಿನ್ಸ್ ಮೊದಲಾದವರು ಭಾವಕ್ಕೆ ತಕ್ಕಂತೆ ಬಾರ್‌ಗಳನ್ನು ಹಿಗ್ಗಿಸಿ ಕುಗ್ಗಿಸಿ ನುಡಿಸುತ್ತಿದ್ದರು. ಅವರ ಜೊತೆಗಾರರು ಕಿವಿಗೊಟ್ಟು ಹಿಂಬಾಲಿಸಬೇಕಾಗಿತ್ತು. ಮುದ್ರಿತ ಹಿನ್ನೆಲೆಗೆ ಈ ಶಕ್ತಿ ಇಲ್ಲ. ಅದರೊಡನೆ ಮಾತ್ರ ಅಭ್ಯಾಸ ಮಾಡಿದವರಿಗೆ ಬಿಡುವಿಲ್ಲದೆ ನುಡಿಸುವ ರೂಢಿ ಬೆಳೆಯುವ ಸಂಭವವಿದೆ. ಎರಡು ಬಾರ್ ನುಡಿಸಿ ಎರಡು ಬಾರ್ ಸುಮ್ಮನಿರುವ ಅಭ್ಯಾಸ ಇದಕ್ಕೆ ಒಂದು ಪರಿಹಾರ. ಟ್ರ್ಯಾಕನ್ನು ತಾವೇ ತಯಾರಿಸುವುದು ಇನ್ನೊಂದು: ಬಾಸ್ ಮತ್ತು ರಿದಮ್ ಭಾಗಗಳನ್ನು ಸ್ವತಃ ನುಡಿಸಿದವರು ಇನ್ನೊಬ್ಬ ವಾದಕನಿಗೆ ಜಾಗ ಬಿಡುವುದನ್ನು ಕಲಿಯುತ್ತಾರೆ. ಮುಂದೆ ಸಂಗಡಿಗರೊಡನೆ ಕುಳಿತು ನುಡಿಸುವಾಗ ಬೇಕಾಗುವುದು ಈ ಗುಣವೇ.